ಸರ್ವರ್ ಸೆಕೆಂಡಿಗೆ ಎಷ್ಟು ಸಲ ಇಣುಕಬೇಕು?

ಶನಿವಾರ ಬೆಳಿಗ್ಗೆಯೂ ನಮ್ಮ ಮನೆ ಎಂದಿನಂತೆಯೇ ಎದ್ದಿತು. ಬಾಗಿಲಿಗೆ ನೀರು, ಪುಟ್ಟದೊಂದು ರಂಗೋಲಿ, ಫಿಲ್ಟರ್‌ನಲ್ಲಿ ತೊಟ್ಟಿಕ್ಕುವ ಡಿಕಾಕ್ಷನ್. ನಮ್ಮ ಯಜಮಾನರಿಗೆ ಅಜ್ಜಂಪುರದಲ್ಲಿ ಹಾರ್ಡ್‌ವೇರ್ ಅಂಗಡಿ. ಕಡೂರಿನಿಂದ ಬೆಳಗಿನ ರೈಲು ಹಿಡಿಯಬೇಕು, ಅಷ್ಟರೊಳಗೆ ಡಬ್ಬಿ ತಯಾರಾಗಬೇಕು. ಒಗ್ಗರಣೆಗೆ ಕಡಲೆಕಾಯಿ ಬೀಜ ಹಾಕುತ್ತಿದ್ದೆ. ಹಿತ್ತಿಲಲ್ಲಿ ‘ಢಬ್’ ಎಂದು ಸದ್ದಾಯಿತು.

ಅದು ಬಕೆಟ್ ಬೋರಲು ಹಾಕಿದ ಸದ್ದು. ಮುಂದೆ ಏನಾಗುತ್ತದೆಂದು ನಾನು ತಿರುಗಿ ನೋಡದೆಯೇ ಹೇಳಬಲ್ಲೆ. ಕಾಂಪೌಂಡ್ ಗೋಡೆಯ ಮೇಲೆ ಮೊದಲು ನಾಲ್ಕು ಬೆರಳು. ಆಮೇಲೆ ಮೆಹಂದಿ ಹಚ್ಚಿ ಕೇಸರಿಯಾದ ಬೈತಲೆ. ಆಮೇಲೆ ಎರಡು ಕಣ್ಣು.

“ಏನ್ ಶಶೀ, ಚಿತ್ರಾನ್ನನಾ? ಒಲೆ ಆರಿಸಿದ್ಮೇಲೆ ನಿಂಬೆಹಣ್ಣು ಹಿಂಡು, ಇಲ್ದಿದ್ರೆ ಕಹಿ ಆಯ್ತದೆ.”

ಪಕ್ಕದ ಮನೆಯ ಜೈತೂನ್ ಆಪಾ. ನಮ್ಮಿಬ್ಬರ ಹಿತ್ತಿಲುಗಳ ನಡುವೆ ಇರುವುದು ಒಂದೇ ಗೋಡೆ. ಆಪಾ ಕುಳ್ಳಗಿರುವುದರಿಂದ ಆ ನೀಲಿ ಬಕೆಟ್. ಅವರಿಗೆ ನಮ್ಮ ಮನೆಯ ಪ್ರತಿಯೊಂದೂ ಗೊತ್ತು. ತಂತಿಯ ಮೇಲೆ ಇವತ್ತು ಒಂದು ಸೀರೆ ಜಾಸ್ತಿ ಯಾಕೆ, ನಿನ್ನೆ ಬಂದವರು ಕಾಫಿ ಕುಡಿಯದೆ ಯಾಕೆ ಹೋದರು, ನಾನು ಯಾಕೆ ಎರಡು ದಿನದಿಂದ ಮಲ್ಲಿಗೆ ಮುಡಿದಿಲ್ಲ. ಕೇಳುವುದರಲ್ಲಿ ಕೆಡುಕು ಎಳ್ಳಷ್ಟೂ ಇಲ್ಲ. ಆದರೆ ದಿನಕ್ಕೆ ಎಷ್ಟು ಸಲ ಎಂದು ಬೇಡವೆ?

ನಾನು ಕಾನ್ವೆಂಟಿನಲ್ಲಿ ಓದಿದವಳು. ಕದ ತಟ್ಟಿ, ‘ಮೇ ಐ ಕಮ್ ಇನ್’ ಎಂದು ಕೇಳಿ, ಉತ್ತರ ಬಂದ ಮೇಲೆ ಒಳಗೆ ಹೋಗುವುದನ್ನು ಕಲಿತವಳು. ಬಕೆಟ್ ಸದ್ದನ್ನೇ ಕದ ತಟ್ಟಿದ ಸದ್ದು ಎಂದುಕೊಂಡು ಇಷ್ಟು ವರ್ಷ ದೂಡಿದ್ದೆ. ಆದರೂ ಹೋದ ವಾರ ಮನಸ್ಸು ಗಟ್ಟಿ ಮಾಡಿದೆ. ಗೋಡೆಯನ್ನು ಎರಡು ವರಸೆ ಏರಿಸುವುದು. (ಯಜಮಾನರು ‘ಹೋಗ್ಲಿ ಬಿಡೆ, ಪಾಪ’ ಎಂದರು. ಅವರಿಗೇನು, ಹಗಲೆಲ್ಲ ಅಜ್ಜಂಪುರದಲ್ಲಿರುತ್ತಾರೆ!) ಸಿಮೆಂಟ್ ಇಟ್ಟಿಗೆ ಬಂದು ಗೋಡೆಯ ಬುಡದಲ್ಲಿ ಬಿದ್ದಿದ್ದವು. ಸೋಮವಾರ ಗಾರೆಯವರು ಬರುವುದಿತ್ತು. ಇಟ್ಟಿಗೆ ಯಾಕೆ ಎಂದು ಮಾತ್ರ ಆಪಾ ಕೇಳಿರಲಿಲ್ಲ. ಅದೇ ನನಗೆ ಒಳಗೊಳಗೇ ಚುಚ್ಚುತ್ತಿತ್ತು.

ಅದಿರಲಿ. ಅವತ್ತು ನಮ್ಮ ಸಹನಾಳಿಗೆ ಮ್ಯಾಚ್.

ಸಹನಾ ನನ್ನ ಮಗಳು, ಬಿಕಾಂ ಓದುತ್ತಿದ್ದಾಳೆ. ಫೋನಿನಲ್ಲಿ ಆಡುವ ಬಂದೂಕಿನ ಆಟದಲ್ಲಿ ಅವಳದೊಂದು ಟೀಮಿದೆ. ಎರಡು ಗುಂಪು ಖಾಲಿ ಊರೊಂದರಲ್ಲಿ ಇಳಿದು ಒಬ್ಬರನ್ನೊಬ್ಬರು ಹುಡುಕಿ ಹೊಡೆಯುವುದು, ಕೊನೆಗೆ ಉಳಿದವರು ಗೆದ್ದಂತೆ. ನನಗೆ ಬಂದೂಕು ಹಿಡಿಸುವುದಿಲ್ಲ. ಆದರೆ ಶಿವನಿಯ ದೀಪಾ, ಪಂಚನಹಳ್ಳಿಯ ಇಬ್ಬರು ಅಕ್ಕತಂಗಿಯರು, ಇವಳು, ನಾಲ್ಕು ಜನ ಹುಡುಗಿಯರು ನಾಲ್ಕು ಕಡೆ ಕೂತು ‘ಬಾರೇ, ನಾನಿದೀನಿ, ಬಾ’ ಎಂದು ಕೂಗಿಕೊಳ್ಳುವುದು ಕಿವಿಗೆ ಬಿದ್ದಾಗ ಹಿತವೆನಿಸುತ್ತದೆ. ಅವತ್ತಿನ ಸೆಮಿಫೈನಲ್ ತರೀಕೆರೆ ಹುಡುಗರ ಮೇಲೆ. ಪಂದ್ಯ ನಡೆಸುತ್ತಿದ್ದವರೂ ತರೀಕೆರೆಯ ಕಾಲೇಜು ಹುಡುಗರೇ.

ನಮ್ಮ ಮನೆಯಲ್ಲಿ ನೆಟ್ ಚೆನ್ನಾಗಿ ಸಿಗುವುದು ಒಂದೇ ಜಾಗದಲ್ಲಿ. ಹಿತ್ತಿಲ ನುಗ್ಗೆಮರದ ಕೆಳಗೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಅಲ್ಲೇ ಅವಳು ಕಾಂಪೌಂಡ್ ಗೋಡೆಗೆ ಬೆನ್ನು ಕೊಟ್ಟು ಕೂತಳು. ನಾನು ಒಳಗೆ ಹುರುಳಿಕಾಯಿ ಸೋಸುತ್ತಾ ಕೂತೆ.

ಸ್ವಲ್ಪ ಹೊತ್ತಿಗೆ ‘ಗೆದ್ವೀ!’ ಎಂಬ ಕೂಗು. ಅದಾಗಿ ಒಂದು ಲೋಟ ಮಜ್ಜಿಗೆ ಕುಡಿದು ಮುಗಿಸುವಷ್ಟರಲ್ಲಿ ಅಳು.

ಸಹನಾ ಸುಲಭಕ್ಕೆ ಅಳುವವಳಲ್ಲ. ಫೋನನ್ನು ನನ್ನ ಮುಂದೆ ಹಿಡಿದಳು. ಆಡುವವರೆಲ್ಲರ ಮೆಸೇಜ್ ಗುಂಪಿನಲ್ಲಿ ಒಂದು ವಿಡಿಯೊ. ತರೀಕೆರೆ ಟೀಮಿನ ಕ್ಯಾಪ್ಟನ್ ಕಿರಣ್ ಎಂಬುವನ ಸ್ಕ್ರೀನಿನಲ್ಲಿ ರೆಕಾರ್ಡ್ ಆಗಿದ್ದು. ಹಳದಿ ಟೋಪಿಯ ಬೊಂಬೆಯೊಂದು ಓಡಿಬಂದು ಗೋಡೆಯ ಹಿಂದೆ ಪೂರ್ತಿ ಅಡಗುತ್ತದೆ. ಅಡಗಿದ ಮೇಲೆ ಸಾಯುತ್ತದೆ. ಹೊಡೆದವರ ಹೆಸರು: ಸಹನಾ.

ಕೆಳಗೆ ಸಾಲುಸಾಲು ಮೆಸೇಜು. ಗೋಡೆಯೊಳಗಿಂದ ಹೊಡೀತಾಳಂತೆ. ಹ್ಯಾಕ್ ಹಾಕ್ಕೊಂಡಿದಾಳೆ. ಹುಡುಗೀರು ಗೆದ್ದಾಗಲೇ ಡೌಟ್ ಬಂತು. (ಈ ಕೊನೆಯದು ನನಗೂ ಚುರುಕ್ ಎಂದಿತು.) ನಡೆಸುವವರು ಬರೆದಿದ್ದರು: ಸಂಜೆಯೊಳಗೆ ಪ್ರೂಫ್ ಕೊಡಿ, ಇಲ್ಲದಿದ್ದರೆ ಟೀಮ್ ಔಟ್.

“ಕಪ್ ಬ್ಯಾಡಮ್ಮ ನಂಗೆ. ಮೋಸಗಾತಿ ಅಂತಿದಾರಲ್ಲ. ಸೋಮವಾರ ಕಾಲೇಜಿಗೆ ಹೆಂಗ್ ಹೋಗ್ಲಿ?”

“ನಿನ್ನ ಫೋನಲ್ಲಿ ರೆಕಾರ್ಡ್ ಇಲ್ವೇನೇ?”

“ರೆಕಾರ್ಡ್ ಹಾಕಿದ್ರೆ ಫೋನ್ ಹ್ಯಾಂಗ್ ಆಗತ್ತೆ. ಗೊತ್ತಲ್ಲ ಇದರ ಹಣೆಬರಹ.”

“ಅವನು ಗೋಡೆ ಹಿಂದೆ ಇರೋದು ಕಾಣ್ತಿದೆಯಲ್ಲೇ ಮತ್ತೆ?”

“ಅವನ ಸ್ಕ್ರೀನಲ್ಲಿ! ನನ್ ಸ್ಕ್ರೀನಲ್ಲಿ ಅವನಿನ್ನೂ ಹೊರಗೇ ಇದ್ದ ಕಣಮ್ಮ.”

ಇದು ನನ್ನ ತಲೆಗೆ ಹೋಗಲಿಲ್ಲ. ಒಬ್ಬ ಮನುಷ್ಯ ಒಂದೇ ಹೊತ್ತಿನಲ್ಲಿ ಗೋಡೆಯ ಹಿಂದೆಯೂ ಇದ್ದು ಮುಂದೆಯೂ ಇರುವುದು ಹೇಗೆ?

ಮೂಗೊರೆಸಿಕೊಳ್ಳುತ್ತಲೇ ಹೇಳಿಕೊಟ್ಟಳು. ಆಟ ನಡೆಯುವುದು ಇವರ ಫೋನುಗಳಲ್ಲಲ್ಲವಂತೆ. ದೂರದ ಯಾವುದೋ ಊರಿನಲ್ಲಿ ಸರ್ವರ್ ಎಂಬ ಕಂಪ್ಯೂಟರ್ ಕೂತಿರುತ್ತದೆ. ಯಾರು ಎಲ್ಲಿದ್ದಾರೆ, ಯಾರ ಗುಂಡು ಯಾರಿಗೆ ತಗುಲಿತು ಎಂದು ತೀರ್ಮಾನಿಸುವುದು ಅದು. ಆದರೆ ಅದು ಸದಾ ಕಣ್ಣು ಬಿಟ್ಟುಕೊಂಡಿರುವುದಿಲ್ಲ. ಸೆಕೆಂಡಿಗೆ ಇಷ್ಟು ಸಲ ಎಂದು ನೋಡುತ್ತದೆ, ನೋಡಿದ್ದನ್ನು ಎಲ್ಲರ ಫೋನಿಗೂ ಹೇಳುತ್ತದೆ. ಅದೇ ಟಿಕ್ ರೇಟ್. ನೋಡುವುದು ಕಡಿಮೆಯಾದಷ್ಟೂ ಸುದ್ದಿ ಹಳೆಯದು. ಅದರ ಮೇಲೆ ನಮ್ಮ ನೆಟ್ ಬೇರೆ ನಿಧಾನ. ಹಾಗಾಗಿ ಕಿರಣ್ ಅಡಗಿ ಆಗಿದ್ದರೂ ಇವಳ ಫೋನಿಗೆ ಆ ಸುದ್ದಿ ಇನ್ನೂ ತಲುಪಿರಲಿಲ್ಲ. ಇವಳು ಕಂಡದ್ದಕ್ಕೆ ಹೊಡೆದಳು. ಸರ್ವರ್ ‘ಸರಿ, ತಗುಲಿತು’ ಎಂದಿತು.

ನನಗೆ ತಟ್ಟನೆ ನಮ್ಮ ಕಾನ್ವೆಂಟಿನ ಸ್ಟಡಿ ಅವರ್ ನೆನಪಾಯಿತು. ಸಿಸ್ಟರ್ ಮೇಜಿನ ಮೇಲೆ ಬಗ್ಗಿ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ನಡುನಡುವೆ ತಲೆಯೆತ್ತಿ ನೋಡುವರು. ಒಮ್ಮೆ ಹಿಂದಿನ ಬೆಂಚಿನವಳು ಎಸೆದ ಸೀಮೆಸುಣ್ಣ ನನ್ನ ಕಾಲ ಬಳಿ ಬಿತ್ತು. ಎತ್ತಿಡೋಣವೆಂದು ಬಗ್ಗಿದೆ. ಸಿಸ್ಟರ್ ತಲೆಯೆತ್ತಿದರು. ಪೀರಿಯಡ್ ಮುಗಿಯುವವರೆಗೂ ಬೆಂಚಿನ ಮೇಲೆ ನಿಂತವಳು ನಾನು! ಸಿಸ್ಟರ್ ಕೆಟ್ಟವರಾಗಿರಲಿಲ್ಲ. ಒಂದು ನೋಟಕ್ಕೂ ಇನ್ನೊಂದಕ್ಕೂ ನಡುವೆ ನಡೆದದ್ದು ಅವರಿಗೆ ಕಾಣಲಿಲ್ಲ, ಅಷ್ಟೆ.

ಅರ್ಥವೇನೋ ಆಯಿತು. ಆದರೆ ನನಗೆ ಅರ್ಥವಾಗಿ ಏನು ಉಪಯೋಗ? ಅಜ್ಜಂಪುರಕ್ಕೆ ಫೋನು ಮಾಡಿದೆ. “ಆಟ ತಾನೇ, ಬಿಟ್ಹಾಕಿ ಅತ್ಲಾಗೆ” ಎಂದರು ಯಜಮಾನರು. ಹಿಂದೆ ಯಾರೋ ಮೊಳೆ ಕೇಳುತ್ತಿದ್ದರು. ನಾನು ಹಿತ್ತಿಲಿಗೆ ಬಂದು, ಮತ್ತೆ ಕಲ್ಲಿನ ಮೇಲೆ ಕೂತಿದ್ದ ಮಗಳ ಪಕ್ಕ ಕೂತೆ.

ಢಬ್.

“ಯಾಕ್ ಶಶೀ? ಬೇಟಿ ಯಾಕೆ ಅಳ್ತಾಳೆ? ಆಗ್ಲೇ ಗೆದ್ದಿದ್ಲಲ್ಲ!”

ಈಗಲಾದರೂ ಬೇಡವಾಗಿತ್ತು ಎನಿಸಿತು. ಆದರೂ ಹೇಳಿದೆ. ಗೋಡೆ ಹಿಂದೆ ಇದ್ದವನನ್ನು ಹೊಡೆದಳು ಅಂತಿದ್ದಾರೆ ಆಪಾ, ಮೋಸ ಅಂತೆ.

“ಯಾರ್ನ? ಆ ಹಳದಿ ಟೋಪಿಯವನ್ನಾ? ಅರೆ, ಅವನೆಲ್ಲಿ ಗೋಡೆ ಹಿಂದೆ ಇದ್ದ? ಬಯಲಲ್ಲೇ ಇದ್ನಲ್ಲ! ನಾನ್ ನೋಡಿದ್ನಲ್ಲ!”

ಸಹನಾ ತಿರುಗಿದಳು. “ನೀವ್ ನೋಡಿದ್ರಾ ಆಪಾ?”

“ನೀನ್ ಕಲ್ ಮೇಲೆ ಕೂತಾಗಿಂದ ನಿನ್ ತಲೆ ಮೇಲೇ ಇದೀನಿ ಕಣೇ. ಒಲೆ ಮೇಲೆ ಅನ್ನ ಸೀದೋಯ್ತು, ಅದ್ಕೇ ಒಳಗ್ ಓಡ್ದೆ.”

ಮ್ಯಾಚ್ ಪೂರ್ತಿ ನನ್ನ ಮಗಳ ಹೆಗಲ ಮೇಲಿಂದ, ಅವಳ ಸ್ಕ್ರೀನನ್ನೇ ನೋಡುತ್ತಾ ಒಬ್ಬರು ಬಕೆಟ್ಟಿನ ಮೇಲೆ ನಿಂತಿದ್ದರು. ಬಂದೂಕಿನ ಸದ್ದಿನಲ್ಲಿ ಢಬ್ ಎಂದದ್ದು ಅವಳಿಗೂ ಕೇಳಿಲ್ಲ, ನನಗೂ ಕೇಳಿಲ್ಲ.

ಸಹನಾ ಆಗಲೇ ವಿಡಿಯೊ ಕಾಲ್ ಹಚ್ಚಿದಳು. ಆ ಕಡೆ ಪಂದ್ಯ ನಡೆಸುವ ಹುಡುಗ ಒಬ್ಬ, ಕಿರಣ್ ಒಬ್ಬ. ಗೋಡೆಯ ಮೇಲಿನ ಮುಖ ನೋಡಿ ನಡೆಸುವವನಿಗೆ ನಗು ತಡೆಯಲಾಗಲಿಲ್ಲ.

“ಆಂಟಿ, ಈ ಆಟ ನಿಮಗೆ ಗೊತ್ತಾ?”

“ಆಟ ಗೊತ್ತಿಲ್ಲ ಕಣಪ್ಪಾ. ನೋಡೋದು ಗೊತ್ತು.”

ಕಿರಣ್ ನಗಲಿಲ್ಲ. “ಸರಿ ಆಂಟಿ, ನಾನು ಸಾಯೋಕ್ ಮುಂಚೆ ಏನ್ ಮಾಡ್ತಿದ್ದೆ ಹೇಳಿ ನೋಡೋಣ” ಎಂದ. ಪರೀಕ್ಷೆಯೇ ಸರಿ.

“ನೀನೇನಾ ಅವ್ನು? ನೀನ್ ಓಡ್ತಾ ಇದ್ದೆ. ಓಡೋನು ಓಡ್ಬೇಕಪ್ಪ! ನಡೂಕೆ ನಿಂತು ಬಗ್ಗಿ ಕೆಂಪು ಡಬ್ಬಿ ಥರ ಏನೋ ಎತ್ಕೊಂಡೆ. ಎದ್ದು ಒಂದೆಜ್ಜೆ ಇಟ್ಟಿದ್ಯೋ ಇಲ್ವೋ, ನಮ್ ಹುಡುಗಿ ಹೊಡೆದ್ಲು. ಆ ಡಬ್ಬಿ ಬಿಟ್ಟು ಓಡಿದ್ರೆ ಬದುಕ್ಕೋತಿದ್ದೆ.”

ಗುಂಪಿಗೆ ಹಾಕಿದ ವಿಡಿಯೊದಲ್ಲಿ ಡಬ್ಬಿ ಇರಲಿಲ್ಲ. ಅದು ಶುರುವಾಗುವುದೇ ಅವನು ಡಬ್ಬಿ ಎತ್ತಿಕೊಂಡು ಓಡಿದ ಮೇಲೆ. ಆಪಾ ಅದನ್ನು ಕಂಡಿದ್ದರೆ ಸಹನಾಳ ಸ್ಕ್ರೀನಿನಲ್ಲೇ ಕಂಡಿರಬೇಕು.

ಕಿರಣ್ ತನ್ನ ಪೂರ್ತಿ ರೆಕಾರ್ಡಿಂಗ್ ಹಿಂದಕ್ಕೆ ಎಳೆದು ನೋಡಿದ. ನೋಡಿ, ತಲೆ ಕೆರೆದುಕೊಂಡ.

“ಹೌದು. ಔಷಧಿ ಕಿಟ್ ಎತ್ಕೊಂಡಿದ್ದೆ. ಅಲ್ಲೀವರೆಗೂ ಬಯಲಲ್ಲೇ ಇದ್ದೆ. ಸಹನಾ, ನಿನ್ನ ಸ್ಕ್ರೀನಲ್ಲಿ ನಾನಿನ್ನೂ ಅಲ್ಲೇ ಇದ್ದೆ ಅನ್ಸತ್ತೆ. ಇದು ಟಿಕ್ ರೇಟ್ ಕಥೆ. ಸಾರಿ ಕಣೇ.”

‘ಸಾರಿ’ ನಮಗೆ ಮಾತ್ರ ಹೇಳಿ ಸುಮ್ಮನಾಗಬಹುದಿತ್ತು. ಹಾಗೆ ಮಾಡಲಿಲ್ಲ. ಅಷ್ಟೂ ಜನ ಬೈದಿದ್ದ ಅದೇ ಗುಂಪಿನಲ್ಲಿ ಬರೆದ: ಅವಳು ಮೋಸ ಮಾಡಿಲ್ಲ, ನಾನು ದುಡುಕಿದೆ, ಅವರ ಗೆಲುವು ಸರಿಯಾದದ್ದೇ. ಸೋತವನು ಇಷ್ಟು ಬರೆಯಬೇಕಾದರೆ ಮನಸ್ಸು ದೊಡ್ಡದಿರಬೇಕು. ಅವನನ್ನು ಹೆತ್ತ ತಾಯಿ ತರೀಕೆರೆಯಲ್ಲಿ ಈ ಅಂಕಣ ಓದುತ್ತಿದ್ದರೆ, ಅಮ್ಮಾ, ನಿಮಗೊಂದು ನಮಸ್ಕಾರ.

(ಫೈನಲ್‌ನಲ್ಲಿ ನಮ್ಮವರು ಚೆನ್ನಾಗಿಯೇ ಸೋತರು. ಯಾರೂ ಅಳಲಿಲ್ಲ.)

ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಕೇಳಿದೆ. ಸರ್ವರ್ ಇನ್ನೂ ಹೆಚ್ಚು ಸಲ ನೋಡಿದರೆ ಮುಗಿಯಿತಲ್ಲ, ಯಾಕೆ ನೋಡುವುದಿಲ್ಲ?

ಆಡುವವರೆಲ್ಲ ಅದನ್ನೇ ಕೇಳುತ್ತಿದ್ದಾರಂತೆ. ಆದರೆ ಹೆಚ್ಚು ಸಲ ನೋಡಬೇಕಾದರೆ ದೊಡ್ಡ ಕಂಪ್ಯೂಟರ್ ಬೇಕು, ನಡೆಸುವ ಕಂಪನಿಗೆ ಖರ್ಚು. ನಮ್ಮ ಫೋನುಗಳೂ ಹೆಚ್ಚು ದುಡಿಯಬೇಕು, ಬಿಸಿಯಾಗುತ್ತವೆ. ನೆಟ್ ಕುಂಟುವ ಕಡೆಯವರಿಗೆ ಇನ್ನಷ್ಟು ಫಜೀತಿ. ಶಿವನಿಯ ದೀಪಾ ರೈಲ್ವೆ ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ ಕೂತು ಆಡುವವಳು, ಸಿಗ್ನಲ್ ಸಿಗುವುದು ಅಲ್ಲೇ. ಫೋನಿನಲ್ಲಿ ಅವಳನ್ನೂ ಕೇಳಿದೆ. “ಸರ್ವರ್ ಎಷ್ಟ್ ಸಲ ಕೂಗಿದ್ರೇನ್ ಬಂತು ಆಂಟಿ? ನನ್ ಫೋನಿಗೆ ಕೇಳ್ಬೇಕಲ್ಲ! ಫಸ್ಟು ಟವರ್ ಹಾಕ್ಸಿ ಅನ್ನಿ” ಎಂದಳು.

ಅದೂ ನ್ಯಾಯವೇ. ಆದರೂ ನನಗೆ ಅನ್ನಿಸುವುದು ಇಷ್ಟು. ಸುಮ್ಮನೆ ಹೊತ್ತು ಕಳೆಯಲು ಆಡುವಾಗ ಸರ್ವರ್ ತೂಕಡಿಸಿದರೆ ತೂಕಡಿಸಲಿ. ಸತ್ತವರು ಮತ್ತೆ ಎದ್ದು ಆಡುತ್ತಾರೆ. ಪಂದ್ಯ ಎಂದು ಹೆಸರಿಟ್ಟು ಸೋಲು ಗೆಲುವು ಬರೆಯುವಾಗ ಹಾಗಲ್ಲ. ಅಲ್ಲಿ ಹಾಳಾಗುವುದು ನಿಜವಾದ ಹುಡುಗಿಯ ನಿಜವಾದ ಹೆಸರು. ತೀರ್ಪು ಕೊಡುವ ಕೆಲಸ ವಹಿಸಿಕೊಂಡವರು ಕಣ್ಣನ್ನು ಇನ್ನಷ್ಟು ಸಲ ತೆರೆಯಲೇಬೇಕು. ಅದಕ್ಕೆ ಖರ್ಚಾಗುತ್ತದೆಯೇ? ಆಗಲಿ. ನಮ್ಮ ಮಕ್ಕಳೆಲ್ಲ ಆಡುವುದರಿಂದ ತಾನೇ ಅವರ ಅಂಗಡಿ ನಡೆಯುವುದು?

ಇದನ್ನು ಮಗಳಿಗೆ ಜೋರಾಗಿಯೇ ಹೇಳಿದೆ. ಹೇಳುವಾಗ ಅಡುಗೆಮನೆಯ ಕಿಟಕಿಯಿಂದ ಆ ಇಟ್ಟಿಗೆ ರಾಶಿ ಕಾಣುತ್ತಿತ್ತು.

ದಿನಕ್ಕೆ ಇಷ್ಟೊಂದು ಸಲ ಯಾಕೆ ನೋಡುತ್ತಾರೆ ಎಂದು ನಾನು ಗೊಣಗಿದ ಅದೇ ಕಣ್ಣು. ಕಡಿಮೆ ನೋಡುವ ಸಭ್ಯಸ್ಥರು ನಮ್ಮ ಬೀದಿಯಲ್ಲಿ ಬೇಕಾದಷ್ಟಿದ್ದಾರೆ. ನಾನೂ ಒಬ್ಬಳು. ನನ್ನ ಮಗಳ ಮ್ಯಾಚನ್ನು ನಾನು ಒಂದು ಸಲವೂ ಎದ್ದು ಹೋಗಿ ನೋಡಿರಲಿಲ್ಲ. ಅವಳಿಗೆ ತೊಂದರೆ ಕೊಡಬಾರದೆಂಬ ನಾಜೂಕು. ಆಪಾಗೆ ಆ ನಾಜೂಕು ಇಲ್ಲದ್ದರಿಂದ ಅನ್ನ ಸೀದಿತು, ಮಗಳ ಹೆಸರು ಉಳಿಯಿತು. ಈ ಋಣಕ್ಕೆ ಥ್ಯಾಂಕ್ಸ್ ಎಂಬ ಪದ ಸಾಲದು. (ಹೇಳಿದ್ದಕ್ಕೆ ಆಪಾ “ಹೋಗೇ, ಇಂಗ್ಲಿಷ್ನೋಳೆ” ಎಂದರು.)

ಅಂಗಡಿಗೆ ಮತ್ತೆ ಫೋನು ಮಾಡಿದೆ. “ಸೋಮವಾರ ಗಾರೆಯವರು ಬರೋದು ಬೇಡ ಅಂದ್ಬಿಡಿ.”

“ಮತ್ತೆ ಇಟ್ಟಿಗೆ?”

“ಅಲ್ಲೇ ಬಿದ್ದಿರಲಿ, ಏನಕ್ಕಾದ್ರೂ ಆಗುತ್ತೆ.”

ಸಂಜೆ ದೀಪ ಹಚ್ಚಿ ಹಿತ್ತಿಲಿಗೆ ಬಂದೆ. ಹೋಳಿಗೆ ಮಾಡಿದ್ದೆ, ಒಂದು ತಟ್ಟೆಯನ್ನು ಗೋಡೆಯಾಚೆ ದಾಟಿಸಬೇಕಿತ್ತು. ಢಬ್ ಸದ್ದಿಗೆ ಅವತ್ತು ನಾನೇ ಕಾದು ನಿಂತಿದ್ದೆ. ಬೆರಳು ಬಂತು, ಬೈತಲೆ ಬಂತು, ಕಣ್ಣು ಬಂತು. ಆಪಾ ತಟ್ಟೆ ತೆಗೆದುಕೊಂಡರು, ಹೋಳಿಗೆಯ ಅಂಚು ಮುರಿದು ಬಾಯಿಗೆ ಹಾಕಿಕೊಂಡರು, ಏಲಕ್ಕಿ ಕಮ್ಮಿ ಎಂದರು. ಆಮೇಲೆ ಗೋಡೆಯ ಬುಡದತ್ತ ಬಗ್ಗಿ ನೋಡಿ ಹೇಳಿದರು:

“ಆ ಸಿಮೆಂಟ್ ಇಟ್ಟಿಗೆ ಸುಮ್ನೆ ಬಿದ್ದವಲ್ಲ ಶಶೀ, ಒಂದೆರಡು ಈ ಕಡೆ ದಾಟ್ಸು. ಬಕೆಟ್ ಮೇಲೆ ನಿಂತ್ರೆ ನಿಮ್ ಅಡಿಗೆಮನೆ ಅರ್ಧನೇ ಕಾಣೋದು.”