ಕವಿತೆಯ ಮೇಲಂಚಿನ ಲಕ್ಷ್ಮಿಯ ಪಾದ

ನಿಬಾರಣ ಸರ್ಖೇಲ್ ಎಂಥ ಪುಕ್ಕಲ ಎಂದರೆ, ಕಚೇರಿಯ ಮೆಟ್ಟಿಲ ಮೇಲೆ ಸಾಹೇಬರ ನಾಯಿ ಮಲಗಿದ್ದರೆ ಅದು ತಾನಾಗಿ ಎದ್ದು ಹೋಗುವವರೆಗೂ ಕೊಡೆ ಹಿಡಿದು ಬಿಸಿಲಲ್ಲೇ ನಿಂತಿರುತ್ತಿದ್ದ. ಇಂಥವನು ಸರ್ಕಾರದ ವಿರುದ್ಧ ಕವಿತೆ ಬರೆದ ಎಂದರೆ ಕದಮ್‌ಘಾಟಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಆದರೆ ಬರೆದಿದ್ದ ಪುಣ್ಯಾತ್ಮ! ಅದೂ ಇಂಗ್ಲಿಷಿನಲ್ಲಿ, ಹದಿನಾರು ಸಾಲು, ಛಂದಸ್ಸು ಎಲ್ಲೂ ಕುಂಟದಂತೆ.

ಮ್ಯಾಜಿಸ್ಟ್ರೇಟ್ ಸಾಹೇಬರ ಕಚೇರಿಯಲ್ಲಿ ಅವನು ನಕಲು ಗುಮಾಸ್ತ. ಮುತ್ತು ಪೋಣಿಸಿದಂಥ ಅಕ್ಷರ. ಸಾಹೇಬರೂ ಕವಿಗಳೇ. ಬಂಗಾಳದ ಬೆಳದಿಂಗಳು, ತಾವರೆ, ಸೆಖೆ, ತಮ್ಮೂರಲ್ಲಿ ಬಿಟ್ಟುಬಂದ ಹಿಮ, ಇವೇ ಅವರ ಸರಕು. ಕಲ್ಕತ್ತೆಯ ಪತ್ರಿಕೆಗೆ ಹೋಗುವ ಮುಂಚೆ ಅವನ್ನೆಲ್ಲ ನಿಬಾರಣನೇ ಅಚ್ಚುಕಟ್ಟಾಗಿ ನಕಲು ಮಾಡಬೇಕು. ಹನ್ನೊಂದು ವರ್ಷ ಇನ್ನೊಬ್ಬರ ಬೆಳದಿಂಗಳನ್ನು ನಕಲು ಮಾಡಿ ಮಾಡಿ ಅವನಿಗೂ ಬರೆಯುವ ಚಟ ಹತ್ತಿತು. ಆ ವರ್ಷ ಶಾಲೆಯ ಮೂವರು ಹುಡುಗರು ಬೀದಿಯಲ್ಲಿ ‘ವಂದೇ ಮಾತರಂ’ ಎಂದು ಕೂಗಿದ್ದಕ್ಕೆ ತಲಾ ಹದಿನೈದು ಛಡಿಯೇಟಿನ ಶಿಕ್ಷೆಯಾಯಿತು. ಆ ಆಜ್ಞೆಯನ್ನೂ ಅದೇ ಮುತ್ತಿನಂಥ ಅಕ್ಷರದಲ್ಲಿ ಬರೆದವನು ನಿಬಾರಣನೇ. ಅವತ್ತು ಅವನಿಗೆ ಅನ್ನ ಇಳಿಯಲಿಲ್ಲ. ಮಾರನೆಯ ದಿನ ಕವಿತೆ ಹುಟ್ಟಿತು.

ಹೆಸರು ಹಾಕದಿದ್ದರೇನು, ಅವನ ಅಕ್ಷರವನ್ನು ಇಡೀ ಜಿಲ್ಲೆಯೇ ಬಲ್ಲದು. ಹಾಗಾಗಿ ಹೆಂಡತಿ ಕ್ಷೀರೋದಾಳನ್ನು ಕೂರಿಸಿದ. ಅವಳಿಗೆ ಇಂಗ್ಲಿಷಿನ ಒಂದಕ್ಷರವೂ ಬಾರದು, ಆದರೆ ಅಕ್ಕಿಹಿಟ್ಟು ಕಲಸಿ ಆಲ್ಪನಾ ಬಿಡಿಸುವುದರಲ್ಲಿ ಆ ಕೇರಿಗೇ ಎತ್ತಿದ ಕೈ. ಅವನು ದೊಡ್ಡದಾಗಿ ಬರೆದಿಟ್ಟ, ಅವಳು ರಂಗೋಲಿ ಎಳೆದಂತೆ ನೋಡಿ ನೋಡಿ ಎಳೆದಳು. ಒಣಗಿದ ಕೂಡಲೇ ಅವನು ಗಡಿಬಿಡಿಯಲ್ಲಿ ಮಡಚಿ ಕಲ್ಕತ್ತೆಯ ಒಂದು ಸ್ವದೇಶಿ ಪತ್ರಿಕೆಯ ವಿಳಾಸಕ್ಕೆ ಅಂಚೆಗೆ ಹಾಕಿದ. ಸರಿಯಾಗಿ ತಿರುಗಿಸಿ ಕೂಡ ನೋಡಲಿಲ್ಲ.

ತಿಂಗಳಾದ ಮೇಲೆ ಆ ಕಾಗದ ಅವನ ಮೇಜಿಗೇ ಬಂದು ಬಿತ್ತು. ಕಲ್ಕತ್ತೆಯ ಪೊಲೀಸರು ಆ ಪತ್ರಿಕೆಯ ಛಾಪಖಾನೆಗೆ ನುಗ್ಗಿ, ಮೂಲಪ್ರತಿಯನ್ನು ವಶಪಡಿಸಿಕೊಂಡು, ಲಕೋಟೆಯ ಮೇಲೆ ಕದಮ್‌ಘಾಟಿನ ಮುದ್ರೆ ಇದ್ದದ್ದರಿಂದ ಇಲ್ಲಿಗೆ ಕಳಿಸಿದ್ದರು.

"ಸರ್ಖೇಲ್, ಮೂರು ಪ್ರತಿ ಬೇಕು. ಸಂಜೆಯೊಳಗೆ," ಎಂದರು ಸಾಹೇಬರು. ಆಮೇಲೆ ಮುಖ ಸಿಂಡರಿಸಿಕೊಂಡು, "ಬರೆದೋನು ಯಾರೋ, ಪದ್ಯ ಕಟ್ಟೋದು ಗೊತ್ತು ಅವನಿಗೆ. ನನ್ನ ಪದ್ಯಗಳನ್ನ ಚೆನ್ನಾಗಿ ಓದಿಕೊಂಡಿದ್ದಾನೆ," ಎಂದರು.

ನಿಬಾರಣ "ಹುಜೂರ್" ಎಂದ. ತನ್ನ ಕವಿತೆಯನ್ನು ತಾನೇ ನಕಲು ಮಾಡಲು ಕುಳಿತ. ಮೇಲಂಚಿಗೆ ಕಣ್ಣು ಹೋದದ್ದೇ ತಡ, ಲೇಖನಿ ಕೆಳಗಿಟ್ಟ. ಮೂಲೆಯಲ್ಲಿ ಎಳ್ಳಿನಷ್ಟು ಚಿಕ್ಕ ಎರಡು ಪಾದ, ಪಾದಗಳ ನಡುವೆ ಒಂದು ಭತ್ತದ ತೆನೆ. ಲಕ್ಷ್ಮಿಯ ಪಾದ! ಯಾವ ಕೆಲಸವೇ ಆಗಲಿ, ದೇವಿಯನ್ನು ಮೊದಲು ಕೂರಿಸದೆ ಕ್ಷೀರೋದಾಳ ಕೈ ಓಡುವುದಿಲ್ಲ.

ಊರಿನ ಪೊಲೀಸ್ ಠಾಣೆಯ ದರೋಗ ತಾರಿಣಿ ಬಾಬು ಭೂತಗನ್ನಡಿ ಹಿಡಿದು ಅದನ್ನು ನೋಡಿ ನಕ್ಕ. "ಹುಜೂರ್, ಇದು ಹೆಂಗಸಿನ ಕೈ. ಒಂದೊಂದು ಮನೆಯ ಪಾದ ಒಂದೊಂದು ಥರ ಇರುತ್ತೆ, ತಾಯಿಯಿಂದ ಮಗಳಿಗೆ ಬಂದದ್ದು. ನಾಡಿದ್ದು ಕೋಜಾಗರಿ ಹುಣ್ಣಿಮೆ. ಊರಿನ ಪ್ರತಿ ಹೊಸ್ತಿಲಲ್ಲೂ ಲಕ್ಷ್ಮಿಯ ಪಾದ ಬೀಳುತ್ತೆ. ನಾನು ಸುಮ್ನೆ ಬೀದಿ ಸುತ್ತಿದ್ರೆ ಸಾಕು."

ಹೊರಗೆ ಬಂದವನು ನಿಬಾರಣನ ಬೆನ್ನು ತಟ್ಟಿದ. "ನಿಮ್ಮ ಮನೆಗೂ ಬರ್ತೀನಿ ಸರ್ಖೇಲ್ ಬಾಬು. ತೆಂಗಿನಕಾಯಿ ಉಂಡೆ ಇಟ್ಟಿರಿ. ಏನ್ರೀ ಇದು, ಇಷ್ಟು ಬೆವರ್ತಿದ್ದೀರಿ?"

"ಸೆಖೆ, ಸೆಖೆ," ಎಂದ ನಿಬಾರಣ. ಆಶ್ವೀಜದ ತಂಗಾಳಿ ಬೀಸುತ್ತಿತ್ತು.

ಮನೆಗೆ ಬಂದವನೇ ಬಾಗಿಲು ಹಾಕಿ, ಅಗುಳಿ ಜಡಿದು, ಎಲ್ಲವನ್ನೂ ಹೇಳಿದ. ಕ್ಷೀರೋದಾ ಅವನಷ್ಟು ಗಾಬರಿಯಾಗಲಿಲ್ಲ. ಅದೇ ಅವನಿಗೆ ಇನ್ನಷ್ಟು ಭಯ ಹುಟ್ಟಿಸಿತು.

"ಈ ಸಲ ಬೇರೆ ಥರ ಬಿಡಿಸೇ. ನಿನ್ನ ಕಾಲಿಗೆ ಬೀಳ್ತೀನಿ."

"ಥೂ, ಬಿಡ್ತು ಅನ್ನಿ! ನಿಮ್ಮ ಅಕ್ಷರ ನೀವು ಬದಲಾಯಿಸ್ಕೊಳ್ಳೋಕೆ ಆಯ್ತಾ? ನನ್ನ ಕೈಗೆ ಮಾತ್ರ ಯಾಕೆ ಹೇಳ್ತೀರಿ?"

ಆದರೂ ಅಡುಗೆಮನೆಯ ನೆಲದ ಮೇಲೆ ಬಿಡಿಸಿ ನೋಡಿದಳು. ಮೂರು ಸಲ ಬಿಡಿಸಿದರೂ ಹೆಬ್ಬೆರಳು ಅದೇ ಕಡೆಗೆ ವಾಲಿತು, ಮೂರು ಸಲವೂ ನಡುವೆ ತೆನೆ ಬಂದು ಕೂತಿತು. "ಬಿಡಿಸೋದೇ ಬೇಡ" ಎಂದ ಅವನು. ಅದಕ್ಕೆ ಅವಳು, "ಊರಿಗೆಲ್ಲ ಪಾದ, ನಮ್ಮನೇಲಿ ಮಾತ್ರ ಇಲ್ಲ. ನಾವೇ ಕಳ್ಳರು ಅಂತ ಡಂಗುರ ಹೊಡೆಸಿದ ಹಾಗಾಗಲ್ವಾ?" ಎಂದಳು. ಅದೂ ನಿಜವೇ.

ಹುಣ್ಣಿಮೆಯ ದಿನ ಮಧ್ಯಾಹ್ನ ಅವಳು ಮಿಂದು, ಮಡಿಯುಟ್ಟು, ಹೊಸ್ತಿಲಿನಿಂದ ದೇವರ ಮೂಲೆಯವರೆಗೂ ಪಾದ ಬಿಡಿಸಿದಳು. ಅವನು ಕಿಟಕಿಯ ಸಂದಿಯಿಂದ ಬೀದಿ ಕಾಯುತ್ತಿದ್ದ. ಬಿಸಿಲು ಇಳಿಯುವ ಹೊತ್ತಿಗೆ ದರೋಗ ಬಂದೇ ಬಿಟ್ಟ. ಹಿಂದೆ ಇಬ್ಬರು ಕಾನ್‌ಸ್ಟೇಬಲ್‌ಗಳು. ಒಂದೊಂದು ಹೊಸ್ತಿಲಲ್ಲೂ ಬಗ್ಗುವನು, ಜೇಬಿನ ಕಾಗದಕ್ಕೆ ಹೋಲಿಸುವನು, ಮುಂದೆ ಬರುವನು. ನಾಲ್ಕು ಮನೆ ಉಳಿಯಿತು. ಮೂರು. ಆಮೇಲೆ ಎರಡೇ.

ನಿಬಾರಣನಿಗೆ ಬುದ್ಧಿ ಎಲ್ಲಿ ಹೋಯಿತೋ. ಕೊಡ ಎತ್ತಿ ಹೊಸ್ತಿಲ ಮೇಲೆ ಬಗ್ಗಿಸಿಯೇ ಬಿಟ್ಟ. ಮಂಡಿಯೂರಿ, ತನ್ನ ಧೋತಿಯ ಚುಂಗಿನಿಂದಲೇ ಹೊಸ್ತಿಲಿನಿಂದ ದೇವರ ಮೂಲೆಯವರೆಗೂ ದೇವಿಯ ಪಾದಗಳನ್ನು ಗಸಗಸ ಒರೆಸಿದ. ಕ್ಷೀರೋದಾ ಕಿರುಚಲಿಲ್ಲ. ತುಟಿ ಕಚ್ಚಿಕೊಂಡು ನೋಡುತ್ತ ನಿಂತಳು.

ದರೋಗ ಬಂದು ಒದ್ದೆ ಹೊಸ್ತಿಲನ್ನು ನೋಡಿದ. ಒದ್ದೆ ಧೋತಿಯನ್ನೂ ನೋಡಿದ. ಅವನ ಮುಖದ ನಗು ನಿಧಾನವಾಗಿ ಇಳಿಯಿತು.

"ಏನ್ ಸರ್ಖೇಲ್ ಬಾಬು, ಎಲ್ಲರ ಮನೇಲೂ ಪಾದ, ನಿಮ್ಮನೇಲಿ ಬರೀ ನೀರು?"

ನಿಬಾರಣ ಬಾಯಿ ತೆರೆದ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ದರೋಗನ ಬೂಟು ಹೊಸ್ತಿಲ ಹತ್ತಿರಕ್ಕೆ ಬಂತು. ಅಂಡಮಾನಿನ ಹಡಗು ಅವನ ಕಣ್ಣೆದುರು ಬಂದು ನಿಂತಂತಾಯಿತು.

ಅಷ್ಟರಲ್ಲಿ ಒಳಗಿನಿಂದ ಎದೆ ಬಿರಿಯುವಂಥ ಕೂಗು. "ಅಪ್ಪಾ! ಅಯ್ಯೋ ಅಪ್ಪಾ, ನನ್ನ ಬಿಟ್ಟು ಹೋದ್ಯಲ್ಲೋ!" ಕ್ಷೀರೋದಾ ಬಾಗಿಲ ಮರೆಯಲ್ಲಿ ಕುಸಿದು, ಸೆರಗಿನಲ್ಲಿ ಮುಖ ಮುಚ್ಚಿ ಎದೆ ಎದೆ ಬಡಿದುಕೊಳ್ಳುತ್ತಿದ್ದಳು. "ಈಗ ತಾನೇ ದೋಣಿಯವನು ಸುದ್ದಿ ತಂದ ದರೋಗ ಬಾಬು! ಸೂತಕದ ಮನೇಲಿ ಯಾವ ಲಕ್ಷ್ಮಿ? ಯಾವ ಪೂಜೆ? ಬಿಡಿಸಿದ್ದನ್ನೆಲ್ಲ ಅಳಿಸ್ಬಿಟ್ವಿ!"

ದರೋಗ ಕೆಂಡ ತುಳಿದವನಂತೆ ಹಿಂದಕ್ಕೆ ಹಾರಿದ. ಅವನ ಮನೆಯಲ್ಲೂ ಸಂಜೆಗೆ ಪೂಜೆ ಇತ್ತು, ಮೈಲಿಗೆಯಾದರೆ ಹೆಂಡತಿ ಒಳಗೆ ಬಿಟ್ಟುಕೊಳ್ಳಬೇಕಲ್ಲ! "ಛೇ ಛೇ, ಗೊತ್ತಿರ್ಲಿಲ್ಲಮ್ಮಾ. ಪಾಪ, ದೊಡ್ಡ ಮನುಷ್ಯರು," ಎನ್ನುತ್ತ ಪಕ್ಕದ ಮನೆಗೆ ನಡೆದ.

ಅವಳ ಅಪ್ಪ, ನದಿಯಾಚೆಯ ಹಳ್ಳಿಯ ವೈದ್ಯರು, ಗಟ್ಟಿಮುಟ್ಟಾಗಿಯೇ ಇದ್ದರು.

ಕೇರಿಯ ಹೆಂಗಸರ ಕಣ್ಣಿಗೆ ಮಣ್ಣೆರಚಬೇಕಲ್ಲ, ಕ್ಷೀರೋದಾ ಮೂರು ದಿನವೂ ಮದುವೆಯಾದ ಮಗಳು ಹಿಡಿಯುವ ಸೂತಕವನ್ನು ಸರಿಯಾಗಿಯೇ ಹಿಡಿದಳು. ಮೀನಿಲ್ಲ, ಎಣ್ಣೆಯಿಲ್ಲ, ಬೇಯಿಸಿದ ಸಪ್ಪೆ ಅನ್ನ. ಬಂದವರೆದುರು ಅತ್ತಳು. ಅದು ನಟನೆಯಲ್ಲ ಎಂದು ನಿಬಾರಣನಿಗೆ ಗೊತ್ತಿತ್ತು. ಬದುಕಿರುವ ಅಪ್ಪನನ್ನು ಬಾಯಾರೆ ಸಾಯಿಸಿದ ಪಾಪ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಮೂರನೆಯ ದಿನ ಸ್ನಾನ ಮಾಡಿ ಬಂದು ಎದುರು ಕೂತಳು. "ಅಪ್ಪನ್ನ ಕೊಂದಿದ್ದು ಯಾತಕ್ಕೆ ಅಂತ ನಂಗೂ ತಿಳೀಲಿ. ಆ ಕಾಗದದಲ್ಲಿ ಏನಿತ್ತು ಹೇಳಿ. ಹದಿನಾರು ಸಾಲೂ ನಾನೇ ಬರ್ದಿದ್ದೀನಿ, ಒಂದೂ ಗೊತ್ತಿಲ್ಲ."

ಅವನು ತಲೆ ತಗ್ಗಿಸಿದ. ಬಿಡಲಿಲ್ಲ ಅವಳು. ಕೊನೆಗೆ ಅವನು ತಡವರಿಸುತ್ತ ತಮ್ಮ ಮಾತಿನಲ್ಲೇ ಹೇಳಿದ. "ತಾಯಿ ಕರೀತಿದಾಳೆ... ಏಳಿ ಮಕ್ಕಳೇ ಅಂತ. ಛಡಿಗೆ ಬೆನ್ನು ಕೊಡಿ, ತಲೆ ಬಗ್ಗಿಸ್ಬೇಡಿ... ಭಯ ಬಿಟ್ಟೋನೇ ನನ್ನ ಮಗ ಅಂತ."

ಕ್ಷೀರೋದಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀವು ಬರ್ದಿದ್ದಾ ಇದನ್ನ?"

ಅವನು ನೆಲದಲ್ಲಿ ಉಳಿದಿದ್ದ ಅಕ್ಕಿಹಿಟ್ಟಿನ ಕಲೆಯನ್ನು ಉಗುರಿನಿಂದ ಕೆರೆಯತೊಡಗಿದ.

"ಮುಂದಿನ ತಿಂಗಳು ಅಪ್ಪ ಹೊಸ ಖರ್ಜೂರದ ಬೆಲ್ಲ ತಗೊಂಡು ದೋಣಿ ಇಳೀತಾರೆ. ಸತ್ತೋರು ಈ ಬೀದಿಗೆ ಬರೋ ಹಾಗಿಲ್ಲ. ನದಿಯ ಘಾಟಿಗೆ ಹೋಗಿ ಅವರನ್ನ ಅಲ್ಲಿಂದಲೇ ವಾಪಸ್ ಕಳಿಸಿ. ಇನ್ನು ಯಾವತ್ತೂ ಬರ್ಬೇಡಿ ಅಂತ ನೀವೇ ಹೇಳಿ," ಎಂದಳು. ಎದ್ದು ಹೋಗುವಾಗ ತಿರುಗಿ, "ಅಲ್ಲಾದ್ರೂ ಹೆದರ್ಬೇಡಿ," ಎಂದಳು.

ನಿಬಾರಣ ಹೋದ. ಮುದುಕರು ದೋಣಿಯಿಂದ ಬೆಲ್ಲದ ಮಡಕೆಯನ್ನು ಜೋಪಾನವಾಗಿ ಇಳಿಸುತ್ತ, "ನೀವೇ ಬಂದ್ರಾ ಅಳಿಯಂದ್ರೇ? ನಮ್ಮ ಹುಡುಗಿ ಎಲ್ಲಿ?" ಎಂದು ನಕ್ಕರು. ಅವನು ಮಡಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬಾಯಿ ತೆರೆದ. ನಾಲಿಗೆ ಮತ್ತೆ ಅಂಗುಳಕ್ಕೆ ಅಂಟಿಕೊಂಡಿತ್ತು, ದೋಣಿಯವನು ಹಗ್ಗ ಕಟ್ಟುವುದೋ ಬಿಚ್ಚುವುದೋ ತಿಳಿಯದೆ ಇಬ್ಬರ ಮುಖವನ್ನೂ ನೋಡುತ್ತಿದ್ದ.