ಪಾಡ್ದನದ ತೂಕ

ಹಳೆಯ ಟೇಪಿನಲ್ಲಿದ್ದ ನನ್ನ ಅಜ್ಜಿಯ ಹಾಡನ್ನು ಮಗಳು ನನ್ನ ಫೋನಿಗೆ ಹಾಕಿಕೊಟ್ಟಳು. ಫೋನನ್ನು ಅಂಗೈಯಲ್ಲಿ ತೂಗಿ ನೋಡಿದೆ. ಭಾರ ಹೆಚ್ಚಾಗಿರಲಿಲ್ಲ.

ನನ್ನ ಚಿಕ್ಕಂದಿನಲ್ಲಿ ಪುಂಜಾಲಕಟ್ಟೆಯ ನಮ್ಮ ಮನೆಗೆ ಟೇಪ್ ರೆಕಾರ್ಡರ್ ಹೊತ್ತು ಒಬ್ಬರು ಮಾಸ್ಟ್ರು ಬಂದಿದ್ದರು. ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಅಜ್ಜಿ ಹಾಡುತ್ತಿದ್ದ ತುಳು ಕಥೆಹಾಡು, ಪಾಡ್ದನ, ಅವರಿಗೆ ಬೇಕಿತ್ತು. ಯಂತ್ರದೊಳಗೆ ಹೋದ ಹಾಡು ತನ್ನ ಬಾಯಲ್ಲಿ ಉಳಿಯಲಾರದೆಂದು ಅಜ್ಜಿಗೆ ಗುಮಾನಿ. ಹಾಡುವ ಮೊದಲೊಮ್ಮೆ, ಹಾಡಿದ ಮೇಲೊಮ್ಮೆ ಟೇಪಿನ ಸುರುಳಿಯನ್ನು ಕಾಳುಮೆಣಸಿನ ತಕ್ಕಡಿಯಲ್ಲಿ ತೂಗಿಸಿದಳು.

“ನೋಡಿ ಅಮ್ಮ, ಒಂದು ಮೆಣಸಿನಷ್ಟೂ ಹೆಚ್ಚಾಗಲಿಲ್ಲ. ನಿಮ್ಮದು ನಿಮ್ಮಲ್ಲೇ ಉಂಟು,” ಎಂದು ಮಾಸ್ಟ್ರು ನಕ್ಕರು.

“ಏನೂ ಕೊಂಡುಹೋಗುವುದಿಲ್ಲವಾದರೆ ಇಷ್ಟು ದೂರ ಬಂದದ್ದು ಯಾಕೆ ಮಾರಾಯ್ರೆ?” ಎಂದಳು ಅಜ್ಜಿ.

ಅವರು ಹೋದ ಮೇಲೆ ಎಲೆಗೆ ಸುಣ್ಣ ಹಚ್ಚುತ್ತ, “ಕೊನೆಯ ತುಂಡು ನಾನು ಹಾಡಲೇ ಇಲ್ಲ,” ಎಂದಳು.

ಫೋನಿನಲ್ಲಿ ಪಾಡ್ದನ ಅಲ್ಲಿಗೇ ನಿಲ್ಲುತ್ತದೆ. ಮುಂದಿನದು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ.