ಟ್ಯಾಂಕಿನೊಳಗಿನ ಜೀರುಂಡೆ

ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ ಮೈಸೂರಿನಿಂದ ಚೆನ್ನೈಗೆ ಬಂದು ನಾನು ಸೇರಿದ ಪ್ರಯೋಗಾಲಯದಲ್ಲಿ ನೀರಿನಡಿ ಸದ್ದು ಹೊರಡಿಸುವ ಸಾಧನಗಳನ್ನು ಮಾಡುತ್ತಿದ್ದೆವು. ಒಂದೊಂದೂ ಹಂಡೆಯಷ್ಟು ದೊಡ್ಡದು. ನಮ್ಮ ಹಿರಿಯ ಎಂಜಿನಿಯರರಿಗೆ ಅಂಗೈಯಲ್ಲಿ ಹಿಡಿಯುವಂಥದ್ದು ಬೇಕಿತ್ತು. ತಲೆಮಾರುಗಳಿಂದ ಮದ್ರಾಸಿನಲ್ಲೇ ಇದ್ದ ಶ್ರೀವೈಷ್ಣವ ಮನೆತನ ಅವರದು. ಅವರ ಕನ್ನಡದಲ್ಲಿ ಅರ್ಧ ತಮಿಳು.

"ಜೀರುಂಡೆ ನೋಡಮ್ಮಾ, ಇತ್ತನೂಂಡು, ಇಷ್ಟೇ ಇಷ್ಟು ಪ್ರಾಣಿ. ಬೀದಿಗೆಲ್ಲಾ ಕೇಳೋ ಹಾಗೆ ಕೂಗತ್ತೆ. ಎಪ್ಪಡಿ? ಹೇಗೆ?"

ಅದರ ಹೊಟ್ಟೆಯ ಪಕ್ಕದಲ್ಲಿ ಏಣೇಣಾದ ತೆಳು ಪೊರೆಯಿದೆ. ಡಬ್ಬಿಯ ಮುಚ್ಚಳ ಒತ್ತಿದಂತೆ ಅದು ಟಿಕ್ಕೆಂದು ತಗ್ಗುತ್ತದೆ, ಮತ್ತೆ ಉಬ್ಬುತ್ತದೆ. ನಾವೂ ತಗಡಿಗೆ ಏಣು ಮೂಡಿಸಿ, ಹಿಂದೆ ವಿದ್ಯುತ್ತಿಗೆ ಕಂಪಿಸುವ ಪಿಂಗಾಣಿ ಬಿಲ್ಲೆ ಅಂಟಿಸಿದೆವು.

ಪರೀಕ್ಷೆಗೆಂದು ನೀರಿನ ಟ್ಯಾಂಕಿಗೆ ಇಳಿಸಿದ ದಿನ, ನೀರೊಳಗಿನ ಮೈಕಿಗೆ ಜೋಡಿಸಿದ ಹೆಡ್‌ಫೋನಿನಲ್ಲಿ ಕೀರಲು ದನಿ ಕೇಳಿ ನಾನು ಕುಣಿದಾಡಿಬಿಟ್ಟೆ. ಅವರು ಹೆಡ್‌ಫೋನ್ ಹಾಕಿಕೊಂಡು, ತೆಗೆದು, "ಓಡ್ತಾ ಇಲ್ವೇಮ್ಮಾ?" ಎಂದರು.

"ಓಡ್ತಿದೆ ಸಾರ್. ಜೋರಾಗೇ ಇದೆ."

ಇಂಥ ಕೀರಲು ದನಿಗಳು ವಯಸ್ಸಿನ ಜೊತೆ ಅವರ ಕಿವಿಯಿಂದ ಜಾರಿಹೋಗಿದ್ದವು. ಅದು ಅವರಿಗೂ ಅಂದೇ ತಿಳಿದದ್ದು. ಅವರು ಅಂಗಿಯ ತೋಳು ಮಡಚಿ ನೀರಿಗೆ ಕೈ ಹಾಕಿ ತಗಡು ಮುಟ್ಟಿದರು. ಮುಖ ಅರಳಿತು.

"ನಡುಗತ್ತಮ್ಮಾ! ಉಯಿರಿರೋ ಪೂಚಿ, ಜೀವ ಇರೋ ಹುಳದ ಹಾಗೇ!"

ಎಣ್ಣೂರಿನಾಚೆ ಕಡಲಲ್ಲಿ ದೋಣಿಯಿಂದ ಆಳಕ್ಕಿಳಿಸಿದಾಗ ಮಾತ್ರ ಅದು ಮೂಕವಾಯಿತು. ಎಳೆದು ನೋಡಿದರೆ ನೀರಿನ ಒತ್ತಡಕ್ಕೆ ತಗಡು ಒಳಕ್ಕೆ ಕುಸಿದಿತ್ತು. ಒಳಗೆ ಗಾಳಿಯ ಬದಲು ಎಣ್ಣೆ ತುಂಬೋಣ, ಆಗ ಎರಡೂ ಕಡೆ ಒತ್ತಡ ಸಮನಾಗುತ್ತದೆ ಎಂದರು ಅವರು. ಆಫೀಸಿನಲ್ಲಿ ಎಣ್ಣೆ ತರಿಸಲು ವಾರಗಳು ಬೇಕು. ಮರುದಿನವೇ ಅಣ್ಣಾ ನಗರದ ಅವರ ಮನೆಯಿಂದ ಹರಳೆಣ್ಣೆಯ ಡಬ್ಬಿ ಬಂತು. ಹಿಂದೆಯೇ ಅವರ ಹೆಂಡತಿಯ ಫೋನು: "ಏನಮ್ಮಾ, ನಿಮ್ಮ ಪೂಚಿಗೂ ಎಣ್ಣೆ ಸ್ನಾನವಾ?"

ಎಣ್ಣೆ ತುಂಬಿದ ಮೇಲೆ ದನಿ ಕುಗ್ಗಿತು. ತಗಡನ್ನು ಇನ್ನಷ್ಟು ತೆಳುಮಾಡುತ್ತಾ ಹೋದೆವು; ಹಲವು ಸೀಳಿದವು, ಕೊನೆಗೊಂದು ತಡೆದು ನಿಂತಿತು. ಮತ್ತೆ ಎಣ್ಣೂರಿಗೆ ಹೋದೆವು. ಆಳದಲ್ಲೂ ಅದು ಎಡೆಬಿಡದೆ ಕೂಗಿತು. ಅಲ್ಲಿಗೆ ಅವರ ಕೈ ಎಟಕುವಂತಿರಲಿಲ್ಲ. ಸದ್ದು ಅಳೆಯುವ ಮೀಟರಿನ ಮುಳ್ಳು ಏಳುತ್ತಿದ್ದರೂ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಎಪ್ಪಡಿ ಕೇಳತ್ತೆ, ಹೇಳು."

ನಾನು ಹೆಡ್‌ಫೋನ್ ತೆಗೆದು, ದೋಣಿಯವರೆದುರೇ ನಾಚಿಕೆ ಬಿಟ್ಟು, ಅವರ ಕಿವಿಗೆ ಬೀಳುವಂಥ ದಪ್ಪ ದನಿಯಲ್ಲಿ "ಜ್ರೀ... ಜ್ರೀ..." ಎಂದೆ. ದೋಣಿಯವರು ಬಿದ್ದು ಬಿದ್ದು ನಕ್ಕರು. ಸಾರ್ ನಗಲಿಲ್ಲ. ಕಣ್ಣು ಮುಚ್ಚಿ, ಕಿವಿ ನನ್ನ ಕಡೆ ತಿರುಗಿಸಿ, "ನಿಲ್ಲಿಸಬೇಡಮ್ಮಾ, ಇನ್ನೂ ಕೊಂಚ" ಎಂದರು.